ಸಾಕುಪ್ರಾಣಿಗಳ ಎಲೆಕ್ಟ್ರಾನಿಕ್ ಆಟಿಕೆಗಳು: ಬಾಳಿಕೆಯ ವಿನ್ಯಾಸ ಮತ್ತು ಬಿಡಿಭಾಗಗಳ ಆಯ್ಕೆ

ನಾಯಿ, ಬೆಕ್ಕು ಮೊದಲಾದ ಸಾಕುಪ್ರಾಣಿಗಳು ಆಡಲೆಂದು ತಯಾರಿಸಿದ, ವಿದ್ಯುತ್ತಿನ ಬಲದಿಂದ ಚಲಿಸುವ, ಬೆಳಗುವ, ಸದ್ದು ಮಾಡುವ ಇಲ್ಲವೇ ತಿಂಡಿ ಉದುರಿಸುವ ಸಾಧನಗಳಿವು. ತಾನಾಗಿ ಉರುಳುವ ಚೆಂಡು, ಚೆಂಡೆಸೆಯುವ ಯಂತ್ರ, ನೆಲದ ಮೇಲೆ ಲೇಸರ್ ಚುಕ್ಕೆ ಓಡಿಸುವ ಪೆಟ್ಟಿಗೆ, ಗರಿ ಆಡಿಸುವ ಮೋಟಾರು, ಒಗಟು ಬಿಡಿಸಿದರೆ ತಿಂಡಿ ಕೊಡುವ ತಟ್ಟೆ, ಇಲಿಯಂತೆ ಓಡುವ ಪುಟ್ಟ ರೋಬಾಟ್ ಎಲ್ಲವೂ ಈ ಗುಂಪಿನವು. ಸೋನಿ ಕಂಪನಿಯ ಐಬೊದಂಥ ರೋಬಾಟ್ ನಾಯಿಗಳು ಮನುಷ್ಯರ ಆಟಕ್ಕಾಗಿ ಇರುವುದರಿಂದ ಇಲ್ಲಿ ಸೇರುವುದಿಲ್ಲ.

ಮಕ್ಕಳ ಆಟಿಕೆಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಬಳಕೆಯಲ್ಲಿದೆ. ಮಗು ಕೈಯಿಂದ ಆಡುತ್ತದೆ, ನಾಯಿ ಬಾಯಿಯಿಂದ ಆಡುತ್ತದೆ. ಜೊಲ್ಲು, ಹಲ್ಲು, ಉಗುರು, ಕೂದಲು, ಮಣ್ಣು ಇವು ಇಲ್ಲಿ ಆಕಸ್ಮಿಕವಲ್ಲ, ದಿನನಿತ್ಯದ ಬಳಕೆ. ಇಂಥ ಆಟಿಕೆ ಕೆಡುವಾಗ ಮೊದಲು ಸೋಲುವುದು ಸಾಮಾನ್ಯವಾಗಿ ಅದರೊಳಗಿನ ಚಿಪ್ ಅಲ್ಲ; ಹೊರಕವಚದ ಬೆಸುಗೆ, ಚಾರ್ಜ್ ಮಾಡುವ ಕಿಂಡಿ, ಗಿಯರಿನ ಹಲ್ಲು ಅಥವಾ ಬ್ಯಾಟರಿ. ಆದ್ದರಿಂದ ಎಲ್ಲಿ ಗಟ್ಟಿಯಾಗಿರಬೇಕು, ಎಲ್ಲಿ ಮಣಿಯಬೇಕು, ಸವೆಯುವ ಭಾಗ ಯಾವುದಾಗಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಅದಕ್ಕೆ ತಕ್ಕ ಸಾಮಗ್ರಿ ಕೊಳ್ಳುವುದೇ ಈ ವಿನ್ಯಾಸದ ತಿರುಳು.

ಹಿನ್ನೆಲೆ

ನಾಯಿಯ ಹಲ್ಲಿಗೆ ತಡೆಯುವ ಆಟಿಕೆಯ ಚರಿತ್ರೆಯಲ್ಲಿ ಕಾಂಗ್ ಎಂಬ ರಬ್ಬರ್ ಆಟಿಕೆಗೆ ಮುಖ್ಯ ಸ್ಥಾನವಿದೆ. ಅಮೆರಿಕದ ಕೊಲರಾಡೊ ರಾಜ್ಯದ ಜೋ ಮಾರ್ಕ್‌ಹಮ್ 1970ರ ದಶಕದಲ್ಲಿ ತನ್ನ ಜರ್ಮನ್ ಶೆಫರ್ಡ್ ನಾಯಿ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿದ್ದುದನ್ನು ಕಂಡು ಚಿಂತಿತನಾಗಿದ್ದ. ಫೋಕ್ಸ್‌ವ್ಯಾಗನ್ ವ್ಯಾನಿನ ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದನ್ನು ಆ ನಾಯಿ ಬಿಡದೆ ಜಗಿದದ್ದು ಅವನಿಗೆ ದಾರಿ ತೋರಿಸಿತು. ಕಾಂಗ್‌ನಲ್ಲಿ ವಿದ್ಯುತ್ತಿನ ಭಾಗ ಯಾವುದೂ ಇರಲಿಲ್ಲ. ಆದರೂ ಹಲ್ಲಿಗೆ ಎದುರು ನಿಲ್ಲದೆ ಮಣಿದು ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಸಾಮಗ್ರಿಯೇ ಹೆಚ್ಚು ಬಾಳುತ್ತದೆ ಎಂಬ ಅದರ ಪಾಠ ಇಂದಿನ ಎಲೆಕ್ಟ್ರಾನಿಕ್ ಚೆಂಡುಗಳಿಗೂ ಸಲ್ಲುತ್ತದೆ.

1995ರಲ್ಲಿ ಅಮೆರಿಕದ ಕೆವಿನ್ ಅಮಿಸ್ ಮತ್ತು ಮಾರ್ಟಿನ್ ಅಬಾಟ್ ಲೇಸರ್ ಕಿರಣದಿಂದ ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕ್ಷುಲ್ಲಕ ಪೇಟೆಂಟುಗಳ ಉದಾಹರಣೆಯಾಗಿ ಅದು ನಗೆಗೀಡಾಯಿತು. ಆಟ ಮಾತ್ರ ಜನಪ್ರಿಯವಾಗಿ ಉಳಿಯಿತು. 2010ರ ನಂತರ ಈ ಕ್ಷೇತ್ರ ವೇಗವಾಗಿ ಬೆಳೆಯಿತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಅಗ್ಗವಾಗಿತ್ತು, ಸ್ಮಾರ್ಟ್‌ಫೋನುಗಳ ದೆಸೆಯಿಂದ ಚಲನೆ ಅಳೆಯುವ ಪುಟ್ಟ ಸಂವೇದಕಗಳು ಅಲ್ಪ ಬೆಲೆಗೆ ಸಿಗತೊಡಗಿದ್ದವು, 2010ರಲ್ಲಿ ಬಂದ ಬ್ಲೂಟೂತ್ 4.0 ಕಡಿಮೆ ವಿದ್ಯುತ್ತಿನ ಸಂಪರ್ಕವನ್ನು ಸಾಧ್ಯವಾಗಿಸಿತ್ತು. ಕಿಕ್‌ಸ್ಟಾರ್ಟರ್‌ನಂಥ ಜನಬಂಡವಾಳದ ತಾಣಗಳು ಸಣ್ಣ ತಂಡಗಳಿಗೆ ಹಣ ಒದಗಿಸಿದವು. ಟೆಕ್ಸಸ್‌ನ ಐಫೆಚ್ ಚೆಂಡೆಸೆತ ಯಂತ್ರ ಮತ್ತು ಉಕ್ರೇನಿನ ಕೀವ್ ನಗರದಲ್ಲಿ ಹುಟ್ಟಿದ ಪೆಟ್‌ಕ್ಯೂಬ್ ಲೇಸರ್ ಕ್ಯಾಮೆರಾ 2013ರಲ್ಲಿ ಈ ಹಾದಿಯಲ್ಲಿ ಬಂದವು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟಿದ ಪೆಟ್ರಾನಿಕ್ಸ್ ಕಂಪನಿಯ ಮೌಸರ್ ಎಂಬ ರೋಬಾಟ್ ಇಲಿ 2014ರಲ್ಲಿ ಇದೇ ಹಾದಿ ಹಿಡಿಯಿತು.

ಪ್ರಾಣಿಯ ದೇಹ ಮತ್ತು ಸ್ವಭಾವ

ನಾಯಿ ಜಗಿಯುವಾಗ ಮುಂದಿನ ಕೋರೆಗಿಂತ ಹೆಚ್ಚಾಗಿ ಪಕ್ಕದ ಕತ್ತರಿ ಹಲ್ಲುಗಳನ್ನು, ಅಂದರೆ ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲ ದವಡೆ ಹಲ್ಲನ್ನು ಬಳಸುತ್ತದೆ. ಇವು ಕತ್ತರಿಯ ಎರಡು ಅಲಗುಗಳಂತೆ ಒಂದರ ಪಕ್ಕ ಒಂದು ಜಾರುತ್ತವೆ. ಅವುಗಳ ನಡುವೆ ಸಿಕ್ಕಿದ ಅಂಚು, ಕಿವಿ, ಬಾಲ, ಪಟ್ಟಿ ಯಾವುದೂ ಹೆಚ್ಚು ಕಾಲ ಉಳಿಯುವುದಿಲ್ಲ. ಆಟಿಕೆಯನ್ನು ಕಲ್ಲಿನಷ್ಟು ಗಡಸಾಗಿ ಮಾಡಿದರೆ ಆಟಿಕೆಯ ಬದಲು ಹಲ್ಲು ಮುರಿಯುತ್ತದೆ. ಮೇಲ್ದವಡೆಯ ಅದೇ ನಾಲ್ಕನೆಯ ಹಲ್ಲಿನ ಹೊರಮೈ ಹಲಗೆಯಂತೆ ಸೀಳಿಬರುವುದು ಪಶುವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಗಾಯ. ಜಗಿಯುವ ವಸ್ತುವಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಮೂಡಬೇಕು ಎಂದು ಪಶು ದಂತವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಬೆಕ್ಕಿನ ಕಡಿತ ನಾಯಿಯದಷ್ಟು ಬಲವಾದದ್ದಲ್ಲ, ಆದರೆ ಅದರ ಆಟದಲ್ಲಿ ಬೇರೆ ಅಪಾಯವಿದೆ. ದಾರ, ರಿಬ್ಬನ್, ಎಲಾಸ್ಟಿಕ್ ನುಂಗಿದರೆ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡು, ಇನ್ನೊಂದು ತುದಿಯನ್ನು ಕರುಳು ಮುಂದೆಳೆಯುತ್ತ ತಾನೇ ನೆರಿಗೆ ನೆರಿಗೆಯಾಗಿ ಮುದುಡಿ ಹರಿಯಬಹುದು. ಗರಿಯ ಆಟಿಕೆಯಲ್ಲಿ ದಾರಕ್ಕಿಂತ ಒಂದೇ ತುಂಡಿನ ಉಕ್ಕಿನ ತಂತಿ ಅಥವಾ ಬಾಗುವ ಪ್ಲಾಸ್ಟಿಕ್ ಕಡ್ಡಿ ಸುರಕ್ಷಿತ.

ಕಣ್ಣು ಕಿವಿಗಳ ಲೆಕ್ಕವೂ ಬೇರೆ. ನಾಯಿಗೆ ನೀಲಿ ಮತ್ತು ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರುಗಳ ಭೇದ ತಿಳಿಯುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವರ ಕಣ್ಣು ಸೆಳೆಯುವ ಕೆಂಪು ಚೆಂಡು ಹಸಿರು ಹುಲ್ಲಿನಲ್ಲಿ ನಾಯಿಗೆ ಕಣ್ಮರೆಯಾಗುತ್ತದೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿ ಸುಮಾರು 45, ಬೆಕ್ಕು ಸುಮಾರು 85 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಸ್ಪಂದನಗಳನ್ನು ಮನುಷ್ಯರಿಗೆ ಕೇಳಿಸದಿರಲೆಂದು 20 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಇಡುವುದು ವಾಡಿಕೆ. ಆ ಸಣ್ಣ ಸಿಳ್ಳು ನಾಯಿ ಬೆಕ್ಕುಗಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲವು ಪ್ರಾಣಿಗಳು ಹೊಸ ಆಟಿಕೆಯ ಹತ್ತಿರ ಸುಳಿಯದಿರಲು ಇದೂ ಕಾರಣವಾಗಬಹುದು.

ಬಾಳಿಕೆಗೆ ಇನ್ನೊಂದು ಮುಖವಿದೆ: ಆಸಕ್ತಿಯ ಬಾಳಿಕೆ. ಜಾನ್ ಬ್ರಾಡ್‌ಶಾ ಮತ್ತು ಸಂಗಡಿಗರು 2002ರಲ್ಲಿ ಬೆಕ್ಕುಗಳ ಮೇಲೆ, 2012ರಲ್ಲಿ ನಾಯಿಗಳ ಮೇಲೆ ಪ್ರಕಟಿಸಿದ ಅಧ್ಯಯನಗಳು ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಪ್ರಾಣಿ ಬೇಗ ಬೇಸರಗೊಳ್ಳುತ್ತದೆಂದೂ, ಬೇರೊಂದನ್ನು ಕೊಟ್ಟೊಡನೆ ಆಟ ಮರಳಿ ಚಿಗುರುತ್ತದೆಂದೂ ತೋರಿಸಿದವು. ಬೇಟೆಯ ಸ್ವಭಾವದ ಪ್ರಾಣಿಗೆ ಹರಿಯುವ, ಆಕಾರ ಬದಲಿಸುವ ವಸ್ತು ಇಷ್ಟ. ತಯಾರಕನಿಗೆ ಬೇಕಾದದ್ದು ಹರಿಯದ ವಸ್ತು. ಈ ವಿರೋಧವನ್ನು ಪರಿಹರಿಸಲು ಎಲೆಕ್ಟ್ರಾನಿಕ್ಸ್ ನೆರವಾಗುತ್ತದೆ: ಕವಚ ಬದಲಾಗದಿದ್ದರೂ ಚಲನೆಯ ಕ್ರಮ, ವಿರಾಮ, ಸದ್ದು ಬದಲಾಗಬಹುದು. ಸದಾ ಒಂದೇ ವೃತ್ತದಲ್ಲಿ ಸುತ್ತುವ ಚೆಂಡಿಗಿಂತ ಸುಮ್ಮನಿದ್ದು, ಮುಟ್ಟಿದಾಗ ಬೆಚ್ಚಿ ಓಡುವ ಚೆಂಡು ಹೆಚ್ಚು ದಿನ ಆಟದಲ್ಲಿ ಉಳಿಯುತ್ತದೆ.

ಹೊರಕವಚ

ಒಳ್ಳೆಯ ವಿನ್ಯಾಸಗಳಲ್ಲಿ ಎರಡು ಪದರಗಳಿರುತ್ತವೆ. ಒಳಗೆ ಪಾಲಿಕಾರ್ಬೊನೇಟ್ ಅಥವಾ ನೈಲಾನಿನ ಗಟ್ಟಿ ಗೂಡು; ಅದರಲ್ಲಿ ಬ್ಯಾಟರಿ, ಮೋಟಾರು, ಸರ್ಕ್ಯೂಟ್ ಬೋರ್ಡ್. ಹೊರಗೆ ಹಲ್ಲಿನ ಒತ್ತಡವನ್ನು ಹೀರುವ, ಕಳಚಿ ಬದಲಿಸಬಹುದಾದ ರಬ್ಬರ್ ಪದರ. ಗೋಳಾಕಾರ ಇಲ್ಲಿ ಅನುಕೂಲ. ಚೆಂಡಿನ ವ್ಯಾಸ ನಾಯಿ ಬಾಯಿ ಅಗಲಿಸುವ ಅಳತೆಗಿಂತ ದೊಡ್ಡದಾಗಿದ್ದರೆ ಕತ್ತರಿ ಹಲ್ಲುಗಳಿಗೆ ಹಿಡಿತ ಸಿಗದೆ ಜಾರುತ್ತವೆ. ಗಂಟಲಿನ ಹಿಂಭಾಗಕ್ಕೆ ಸರಿದು ಉಸಿರು ಕಟ್ಟುವ ಭಯವೂ ಇರುವುದಿಲ್ಲ. ಎರಡು ಕೆ.ಜಿ.ಯ ಚಿವಾವಾದಿಂದ ಐವತ್ತು ಕೆ.ಜಿ. ಮೀರಿದ ಗ್ರೇಟ್ ಡೇನ್‌ವರೆಗೆ ದೇಹದ ಅಂತರವಿರುವುದರಿಂದ ಎಲ್ಲ ನಾಯಿಗಳಿಗೂ ಒಂದೇ ಅಳತೆಯ ಆಟಿಕೆ ಎಂಬ ಹೇಳಿಕೆಯನ್ನು ನಂಬುವಂತಿಲ್ಲ.

ರಬ್ಬರ್ ಗುಂಪಿನ ವಸ್ತುಗಳ ಗಡಸುತನವನ್ನು ಶೋರ್ ಎ ಮಾಪನದಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಿದ್ದರೆ ವಸ್ತು ಗಡಸು. ಆದರೆ ಜಗಿಯುವ ಆಟಿಕೆಯಲ್ಲಿ ಗಡಸುತನಕ್ಕಿಂತ ಹರಿಯುವುದನ್ನು ತಡೆಯುವ ಶಕ್ತಿ ಮುಖ್ಯ. ಒಂದು ಸಣ್ಣ ಗಾಯ ಬಿದ್ದ ಮೇಲೆ ಅದು ಎಷ್ಟು ಬೇಗ ಹಬ್ಬುತ್ತದೆ ಎಂಬುದೇ ಆಯಸ್ಸನ್ನು ನಿರ್ಧರಿಸುತ್ತದೆ. ಈ ಗುಣದಲ್ಲಿ ನೈಸರ್ಗಿಕ ರಬ್ಬರ್ ಮುಂದು, ಸಾಮಾನ್ಯ ಸಿಲಿಕೋನ್ ಹಿಂದು. ಸಿಲಿಕೋನ್ ಶಾಖ ತಡೆಯುತ್ತದೆ, ತೊಳೆಯಲು ಸುಲಭ. ಒಮ್ಮೆ ಹಲ್ಲು ತೂರಿದರೆ ಮಾತ್ರ ಚೂರು ಚೂರಾಗುತ್ತದೆ. ನೈಸರ್ಗಿಕ ರಬ್ಬರ್ ಬಿಸಿಲು ಮತ್ತು ಓಝೋನಿಗೆ ಬಿರಿಯುತ್ತದೆ. ಉಜ್ಜಾಟ ತಡೆಯುವುದರಲ್ಲಿ ಥರ್ಮೋಪ್ಲಾಸ್ಟಿಕ್ ಪಾಲಿಯುರೇಥೇನ್ ಉತ್ತಮ. ಅದರಲ್ಲಿಯೂ ಪಾಲಿಯೆಸ್ಟರ್ ಬಗೆಯದು ತೇವದಲ್ಲಿ ನಿಧಾನವಾಗಿ ಒಡೆದು ಅಂಟಂಟಾಗುತ್ತದೆ, ಪಾಲಿಈಥರ್ ಬಗೆಯದು ತೇವಕ್ಕೆ ಜಗ್ಗುವುದಿಲ್ಲ. ಮಂಗಳೂರು, ಮುಂಬಯಿಗಳಂಥ ಕರಾವಳಿಯಲ್ಲಿ ಮಾರುವ ಆಟಿಕೆಗೆ ಎರಡನೆಯದೇ ಸರಿ. ಅಗ್ಗದ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ ಒಡೆದಾಗ ಚೂಪಾದ ಚಕ್ಕೆಗಳಾಗುವುದರಿಂದ ಕಡಿತಕ್ಕೆ ಸಿಗುವ ಜಾಗದಲ್ಲಿ ಅದು ಸಲ್ಲದು.

ಒಂದು ಸಾಮಗ್ರಿ ಇನ್ನೊಂದನ್ನು ಕೆಡಿಸುವುದೂ ಉಂಟು. ಗಂಧಕದಿಂದ ಹದಗೊಳಿಸಿದ ರಬ್ಬರಿನೊಳಗೆ ಸರ್ಕ್ಯೂಟನ್ನು ಮುಚ್ಚಿಟ್ಟರೆ ಗಂಧಕದ ಆವಿ ಬೆಳ್ಳಿಯ ಸಂಪರ್ಕಗಳನ್ನೂ ಎಲ್‌ಇಡಿಯ ಒಳಲೇಪವನ್ನೂ ಕಪ್ಪಾಗಿಸುತ್ತದೆ. ಅದೇ ರಬ್ಬರಿಗೆ ತಾಗಿಸಿ ಪ್ಲಾಟಿನಂ ಹದದ ಸಿಲಿಕೋನ್ ಎರೆದರೆ ಅದು ಗಟ್ಟಿಯಾಗುವುದೇ ಇಲ್ಲ. ಅಂಟುಗಳಲ್ಲಿ ಉಬ್ಬುವ ಪಾಲಿಯುರೇಥೇನ್ ಅಂಟನ್ನು ದೂರವಿಡಬೇಕು. ನಾಯಿ ಅದರ ಹಸಿ ಅಂಶವನ್ನು ನುಂಗಿದರೆ ಜಠರದಲ್ಲಿ ಉಬ್ಬಿ ಗಟ್ಟಿ ಗಡ್ಡೆಯಾಗಿ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ. ಮೆದು ಪ್ಲಾಸ್ಟಿಕ್ಕಿಗೆ ಸೇರಿಸುವ ಥ್ಯಾಲೇಟುಗಳು ಮತ್ತು ಬಿಸ್ಫಿನಾಲ್ ಎ ನಾಯಿಯ ಆಟಿಕೆಗಳಿಂದ ಜೊಲ್ಲಿನಂಥ ದ್ರವಕ್ಕೆ ಇಳಿಯುತ್ತವೆಂದು ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ.

ನೀರು ಮತ್ತು ಜೊಲ್ಲಿನ ತಡೆ

ನೀರು, ಧೂಳುಗಳ ತಡೆಯನ್ನು ಐಇಸಿ 60529 ಮಾನಕದ ಐಪಿ ಅಂಕಿಗಳು ಸೂಚಿಸುತ್ತವೆ. ಐಪಿ67 ಎಂದರೆ ಧೂಳು ಸ್ವಲ್ಪವೂ ನುಗ್ಗದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಹಾನಿಯಾಗದು. ಈ ಪರೀಕ್ಷೆ ನಡೆಯುವುದು ಹೊಸ ಮಾದರಿಯ ಮೇಲೆ, ಶುದ್ಧ ನೀರಿನಲ್ಲಿ. ನಾಯಿಯ ಜೊಲ್ಲು ಲವಣಯುಕ್ತ, ಸ್ವಲ್ಪ ಕ್ಷಾರೀಯ, ವಿದ್ಯುದ್ವಾಹಕ. ಜಗಿದು ಬಾಗಿದ ಕವಚದ ಬೆಸುಗೆ ಪ್ರಯೋಗಾಲಯದ ಅಂಕಿಗೆ ನಿಲ್ಲಬೇಕೆಂದಿಲ್ಲ. ಹಾಗಾಗಿ ಅನುಭವಿ ವಿನ್ಯಾಸಕರು ಕವಚದ ಮೇಲೊಂದೇ ಭಾರ ಹಾಕದೆ ಸರ್ಕ್ಯೂಟಿಗೂ ಅಕ್ರಿಲಿಕ್, ಸಿಲಿಕೋನ್ ಅಥವಾ ಪ್ಯಾರಿಲೀನ್ ಲೇಪ ಕೊಡುತ್ತಾರೆ.

ಚಾರ್ಜ್ ಮಾಡುವ ಕಿಂಡಿಯೇ ಹೆಚ್ಚಿನ ಆಟಿಕೆಗಳ ದುರ್ಬಲ ಸ್ಥಾನ. ತೆರೆದ ಯುಎಸ್‌ಬಿ ಕಿಂಡಿಯಲ್ಲಿ ಮಣ್ಣು, ಜೊಲ್ಲು, ಕೂದಲು ತುಂಬುತ್ತವೆ. ಹೊರಗೆ ಕಾಣುವ ಲೋಹದ ಬಿಂದುಗಳಲ್ಲಿ ಸದಾ ವೋಲ್ಟೇಜ್ ಇದ್ದರೆ ಜೊಲ್ಲಿನ ಮೂಲಕ ವಿದ್ಯುತ್ ಹರಿದು ಅವು ಕೊರೆದುಹೋಗುತ್ತವೆ. ಚಾರ್ಜರ್ ಜೋಡಿಸಿದಾಗ ಮಾತ್ರ ಸಂಪರ್ಕ ತೆರೆಯುವ ಸರ್ಕ್ಯೂಟ್, ತಿರುಪಿನ ಮುಚ್ಚಳದೊಳಗಿನ ಕಿಂಡಿ, ಇಲ್ಲವೇ ತಂತಿರಹಿತ ಚಾರ್ಜಿಂಗ್ ಇದಕ್ಕೆ ಪರಿಹಾರ. ತಂತಿರಹಿತ ವಿಧಾನ ದುಬಾರಿ, ಒಳಗೆ ಬಿಸಿಯೂ ಹೆಚ್ಚು. ಪೂರ್ತಿ ಮುಚ್ಚಿದ ಕವಚ ಚಾರ್ಜಿನ ಬಿಸಿಯ ನಂತರ ತಣ್ಣಗಾಗುವಾಗ ಒಳಗೆ ನಿರ್ವಾತ ಉಂಟಾಗಿ ಸಂದುಗಳಿಂದ ತೇವ ಹೀರುತ್ತದೆ. ಗಾಳಿ ಬಿಟ್ಟು ನೀರು ತಡೆಯುವ ಪಿಟಿಎಫ್‌ಇ ಪೊರೆಯ ಸಣ್ಣ ರಂಧ್ರ ಈ ಒತ್ತಡವನ್ನು ಸರಿದೂಗಿಸುತ್ತದೆ.

ಚಲನೆಯ ಭಾಗಗಳು

ಅಗ್ಗದ ಆಟಿಕೆಗಳಲ್ಲಿ 130 ಗಾತ್ರದ ಬ್ರಷ್ ಮೋಟಾರು, ಇಕ್ಕಟ್ಟಾದ ಚೆಂಡುಗಳಲ್ಲಿ ಎನ್20 ಎಂಬ ಗಿಯರ್ ಮೋಟಾರು ಸಾಮಾನ್ಯ. ಇವುಗಳ ಶತ್ರು ಓಟವಲ್ಲ, ತಡೆ. ನಾಯಿ ಚಕ್ರವನ್ನು ಹಲ್ಲಲ್ಲಿ ಹಿಡಿದು ನಿಲ್ಲಿಸಿದಾಗ ಮೋಟಾರು ತಿರುಗದೆ ವಿದ್ಯುತ್ತನ್ನು ಹಲವು ಪಟ್ಟು ಹೆಚ್ಚು ಎಳೆಯುತ್ತದೆ. ಸುರುಳಿ ಬಿಸಿಯಾಗಿ ನಿರೋಧಕ ಲೇಪ ಸುಡುತ್ತದೆ. ನಾಯಿಯೇ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಗಿಯರಿನ ಹಲ್ಲು ಮುರಿಯುತ್ತದೆ. ಮೊದಲನೆಯದಕ್ಕೆ ವಿದ್ಯುತ್ ಪ್ರವಾಹ ಅಳೆದು ಕ್ಷಣಾರ್ಧದಲ್ಲಿ ಮೋಟಾರು ನಿಲ್ಲಿಸುವ ಸರ್ಕ್ಯೂಟ್, ಎರಡನೆಯದಕ್ಕೆ ಮಿತಿ ಮೀರಿದಾಗ ಜಾರುವ ಕ್ಲಚ್ ಬೇಕು. ಪಿಒಎಂ ಪ್ಲಾಸ್ಟಿಕ್ಕಿನ ಗಿಯರುಗಳು ಸದ್ದಿಲ್ಲದೆ, ಎಣ್ಣೆಯ ಹಂಗಿಲ್ಲದೆ ಸುತ್ತುತ್ತವೆ. ಹೊಡೆತ ಬೀಳುವ ಕೊನೆಯ ಹಂತಕ್ಕೆ ಲೋಹದ ಗಿಯರ್ ಬಳಸುವುದುಂಟು. ಅಚ್ಚಿನ ಸುತ್ತ ಕೂದಲು ಸುತ್ತಿಕೊಳ್ಳುವುದನ್ನು ಪೂರ್ತಿ ತಪ್ಪಿಸಲಾಗದು; ಚಕ್ರವನ್ನು ಉಪಕರಣವಿಲ್ಲದೆ ಕಳಚಿ ತೆಗೆಯುವಂತಿದ್ದರೆ ಸಾಕು.

ಎಲ್ಲಕ್ಕಿಂತ ನೆಮ್ಮದಿಯ ರಚನೆ ಎಂದರೆ ಹೊರಗೆ ಚಲಿಸುವ ಭಾಗವೇ ಇಲ್ಲದಿರುವುದು. ಮುಚ್ಚಿದ ಗೋಳದೊಳಗೆ ಭಾರವಾದ ಬ್ಯಾಟರಿ ಮತ್ತು ಮೋಟಾರನ್ನು ಲೋಲಕದಂತೆ ತೂಗಿಬಿಟ್ಟು ತಿರುಗಿಸಿದರೆ ಗುರುತ್ವಕೇಂದ್ರ ಸರಿದು ಗೋಳ ಉರುಳುತ್ತದೆ. ನಾಯಿ ಹಿಡಿದು ನಿಲ್ಲಿಸಿದರೂ ಒಳಗಿನ ಲೋಲಕ ಸುತ್ತುತ್ತಲೇ ಇರುವುದರಿಂದ ಮೋಟಾರಿಗೆ ಪೆಟ್ಟಿಲ್ಲ. ತಾನಾಗಿ ಉರುಳುವ ಚೆಂಡುಗಳು ಬೇರೆ ಆಕಾರಗಳಿಗಿಂತ ಹೆಚ್ಚು ಬಾಳುವುದಕ್ಕೆ ಇದೂ ಒಂದು ಕಾರಣ.

ಬ್ಯಾಟರಿ

ಆಟಿಕೆಯ ಅತ್ಯಂತ ಅಪಾಯಕಾರಿ ಭಾಗ ಬ್ಯಾಟರಿ. ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ತೇವದ ಮೂಲಕ ವಿದ್ಯುತ್ ಹರಿದು ಋಣಧ್ರುವದ ಕಡೆ ತೀವ್ರ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯವಾಗಬಹುದು. ಅಮೆರಿಕ 2022ರಲ್ಲಿ ರೀಸ್ ಕಾಯಿದೆ ಎಂಬ ಹೆಸರಿನಲ್ಲಿ ಬಟನ್ ಬ್ಯಾಟರಿಯ ಗೂಡುಗಳಿಗೆ ಕಟ್ಟುಪಾಡು ತಂದದ್ದು ಮಕ್ಕಳ ಸಾವುಗಳ ಹಿನ್ನೆಲೆಯಲ್ಲಿ; ಅಪಾಯ ನಾಯಿಮರಿಗೂ ಅಷ್ಟೇ. ಕಡಿದು ತೂತಾದ ಕ್ಷಾರ ಬ್ಯಾಟರಿಯಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸುರಿದು ಬಾಯಿ, ನಾಲಿಗೆ ಬೇಯುತ್ತವೆ. ಇಂಥ ಸಂದರ್ಭದಲ್ಲಿ ವಾಂತಿ ಮಾಡಿಸಿದರೆ ಅನ್ನನಾಳ ಎರಡನೆಯ ಸಲ ಸುಡುತ್ತದೆ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಅಯಾನ್ ಕೋಶದ ಸಾಮಾನ್ಯ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2. ತೆಳು ಚೀಲದ ರೂಪದ ಕೋಶ ಅಗ್ಗ, ಹಗುರ. ಹಲ್ಲಿಗೆ ಮಾತ್ರ ತಡೆಯದು. ತೂತಾದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಕಡಿಯುವ ಆಟಿಕೆಗೆ ಉಕ್ಕಿನ ಡಬ್ಬಿಯ ಸಿಲಿಂಡರಾಕಾರದ ಕೋಶ ಮೇಲು; 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ 18650 ಇದರಲ್ಲಿ ಪ್ರಸಿದ್ಧ. 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಕೋಶ ಕಡಿಮೆ ಶಕ್ತಿ ಹಿಡಿದರೂ ಶಾಖಕ್ಕೆ ಸ್ಥಿರ, ಹೆಚ್ಚು ಸಲ ಚಾರ್ಜ್ ಆಗುತ್ತದೆ. ಯಾವುದನ್ನು ಆರಿಸಿದರೂ ಮಿತಿಮೀರಿದ ಚಾರ್ಜ್, ಪೂರ್ತಿ ಬರಿದಾಗುವಿಕೆ ಮತ್ತು ಶಾರ್ಟ್ ತಡೆಯುವ ರಕ್ಷಣಾ ಸರ್ಕ್ಯೂಟ್ ಬೇಕು. ಉಷ್ಣತೆ 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಮಾತ್ರ ಚಾರ್ಜ್ ಆಗುವಂತಿರಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಈ ಮಿತಿ ಸುಲಭವಾಗಿ ಮೀರುತ್ತದೆ.

ಸಂವೇದಕ, ಬೆಳಕು, ತಂತ್ರಾಂಶ

ಚಲನೆ ಗುರುತಿಸುವ ಸಂವೇದಕ ಮೈಕ್ರೊಆಂಪಿಯರುಗಳಷ್ಟು ವಿದ್ಯುತ್ತಿನಲ್ಲೇ ಎಚ್ಚರವಾಗಿರಬಲ್ಲದು. ಆಟಿಕೆ ಬಹುಪಾಲು ಹೊತ್ತು ಮಲಗಿದ್ದು ಪ್ರಾಣಿ ಮುಟ್ಟಿದಾಗ ಏಳುವಂತಾದರೆ ಬ್ಯಾಟರಿಯೂ ಆಸಕ್ತಿಯೂ ಉಳಿಯುತ್ತವೆ. ಸ್ಥಾನ ತಿಳಿಯಲು ಬಳಸುವ ನಿಯೋಡಿಮಿಯಂ ಅಯಸ್ಕಾಂತ ಹೊರಬೀಳದಂತೆ ಒಳಗೂಡಿನಲ್ಲಿ ಹುದುಗಿರಬೇಕು. ಎರಡು ಅಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳಿಂದ ಪರಸ್ಪರ ಸೆಳೆದು ನಡುವಿನ ಗೋಡೆಯನ್ನು ತೂತು ಮಾಡುತ್ತವೆ.

ಲೇಸರ್ ಆಟಿಕೆಗಳಿಗೆ ಐಇಸಿ 60825-1 ಮಾನಕವಿದೆ. ಅದರ 2ನೆಯ ವರ್ಗದ ಕಣ್ಣಿಗೆ ಕಾಣುವ ಲೇಸರಿನ ಮಿತಿ 1 ಮಿಲಿವ್ಯಾಟ್. ಆ ಮಿತಿಯ ಹಿಂದಿರುವುದು ಮನುಷ್ಯ ಬೆಳಕು ಕಂಡೊಡನೆ ರೆಪ್ಪೆ ಮುಚ್ಚುತ್ತಾನೆಂಬ ಊಹೆ. ಚುಕ್ಕೆಯ ಬೆನ್ನು ಹತ್ತಿದ ಬೆಕ್ಕು ಅದನ್ನು ದಿಟ್ಟಿಸಿ ನೋಡುತ್ತದೆ, ಆದ್ದರಿಂದ ಕಿರಣ ಪ್ರಾಣಿಯ ಕಣ್ಣಿನ ಮಟ್ಟದಲ್ಲಿ ಹಾಯದಂತೆ ಪೆಟ್ಟಿಗೆಯ ಕೋನ ಹೊಂದಿಸಬೇಕು. ಲೇಸರ್ ಆಟ ಹೆಚ್ಚಿದ ಮನೆಗಳ ಬೆಕ್ಕುಗಳಲ್ಲಿ ನೆರಳು ಬೆಳಕುಗಳನ್ನು ಅಟ್ಟುವಂಥ ಗೀಳಿನ ವರ್ತನೆ ಹೆಚ್ಚಾಗಿ ಕಂಡಿದೆಯೆಂದು ಲೋರಿ ಕೋಗನ್ ಮತ್ತು ಎಮ್ಮಾ ಗ್ರಿಗ್ 2021ರಲ್ಲಿ ಮಾಲೀಕರ ಸಮೀಕ್ಷೆಯಿಂದ ವರದಿ ಮಾಡಿದರು. ಅದು ಕಾರ್ಯಕಾರಣವನ್ನು ಸಾಧಿಸುವುದಿಲ್ಲ. ಆದರೂ ಆಟದ ಕೊನೆಗೆ ಹಿಡಿಯಬಲ್ಲ ವಸ್ತುವೋ ತಿಂಡಿಯೋ ಸಿಗುವಂತೆ ಮಾಡುವುದು ವಿವೇಕ.

ಫೋನಿನ ಆ್ಯಪ್ ಮೂಲಕ ಆಡಿಸುವ ಆಟಿಕೆಗಳ ಆಯಸ್ಸು ಕಂಪನಿಯ ಸರ್ವರಿನ ಆಯಸ್ಸಿಗೆ ಗಂಟು ಬೀಳುತ್ತದೆ. ಅಂತರಜಾಲವಿಲ್ಲದೆಯೂ ಒಂದು ಗುಂಡಿಯಿಂದ ನಡೆಯುವ ಮೂಲ ಆಟ ಉಳಿದಿರಬೇಕು.

ಬಿಡಿಭಾಗಗಳ ಖರೀದಿ

ಇಂಥ ಆಟಿಕೆಗಳ ತಯಾರಿಕೆ ಬಹುಮಟ್ಟಿಗೆ ಚೀನಾದ ದಕ್ಷಿಣ ಮತ್ತು ಪೂರ್ವ ಕರಾವಳಿಯಲ್ಲಿ ನೆಲೆಗೊಂಡಿದೆ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಶೆನ್‌ಜೆನ್ ನಗರದ ಹುವಾಚಿಯಾಂಗ್‌ಬೇ ಮಾರುಕಟ್ಟೆ, ಜೋಡಣೆಗೆ ಡಾಂಗ್‌ಗುವಾನ್, ಪ್ಲಾಸ್ಟಿಕ್ ಆಟಿಕೆಗಳಿಗೆ ಶಾಂಟೌ ನಗರದ ಚೆಂಗ್‌ಹಾಯ್ ಹೆಸರಾಗಿವೆ. ಖರೀದಿಯಲ್ಲಿ ಎರಡು ದಾರಿಗಳಿವೆ. ಸಿದ್ಧ ಆಟಿಕೆಯ ಮೇಲೆ ತನ್ನ ಹೆಸರು ಒತ್ತಿ ಮಾರುವುದು ಮೊದಲನೆಯದು; ಬಂಡವಾಳ ಕಡಿಮೆ, ಆದರೆ ಒಳಗಿನ ಭಾಗಗಳ ಮೇಲೆ ಹಿಡಿತವಿಲ್ಲ, ಅದೇ ಆಟಿಕೆ ಹತ್ತು ಹೆಸರುಗಳಲ್ಲಿ ಸಿಗುತ್ತದೆ. ಸ್ವಂತ ವಿನ್ಯಾಸಕ್ಕೆ ಅಚ್ಚು ಮಾಡಿಸುವುದು ಎರಡನೆಯದು. ಉಕ್ಕಿನ ಅಚ್ಚು ಲಕ್ಷಗಟ್ಟಲೆ ಪ್ರತಿಗಳನ್ನು ಕೊಡುತ್ತದೆ, ಆದರೆ ಮೊದಲ ವೆಚ್ಚದಲ್ಲಿ ದೊಡ್ಡ ಪಾಲು ಅದರದೇ. ಅಚ್ಚಿನ ಒಡೆತನ ಯಾರದು, ಕಾರ್ಖಾನೆ ಬದಲಿಸಿದರೆ ಅಚ್ಚನ್ನು ಒಯ್ಯಬಹುದೇ ಎಂಬುದು ಕರಾರಿನಲ್ಲಿ ಬರಹದಲ್ಲಿರಬೇಕು.

ಮೋಸ ಹೆಚ್ಚಾಗಿ ನಡೆಯುವುದು ಕಣ್ಣಿಗೆ ಕಾಣದ ಭಾಗಗಳಲ್ಲಿ. ಒಳ್ಳೆಯ 18650 ಕೋಶಗಳ ಸಾಮರ್ಥ್ಯ ಸುಮಾರು 3,500 ಮಿಲಿಆಂಪಿಯರ್ ಗಂಟೆಯ ಆಸುಪಾಸಿನಲ್ಲಿರುತ್ತದೆ. 9,900 ಎಂದು ಬರೆದ ಕೋಶ ಸಿಕ್ಕರೆ ಚೀಟಿಯೇ ಸುಳ್ಳು. ಮಾದರಿಯಲ್ಲಿ ನೈಸರ್ಗಿಕ ರಬ್ಬರ್ ತೋರಿಸಿ ಸರಕಿನಲ್ಲಿ ಸೀಮೆಸುಣ್ಣದ ಪುಡಿ ಬೆರೆಸಿದ ರಬ್ಬರ್ ಕಳಿಸುವುದು, ಪಾಲಿಕಾರ್ಬೊನೇಟ್ ಬದಲು ಮರುಬಳಕೆಯ ಎಬಿಎಸ್ ಹಾಕುವುದು ಗೊತ್ತಿರುವ ತಂತ್ರಗಳು. ಇವಕ್ಕೆ ತಡೆಯಾಗಿ ಇಬ್ಬರೂ ಸಹಿ ಹಾಕಿದ ಒಂದು ಆದರ್ಶ ಮಾದರಿ ಎರಡೂ ಕಡೆ ಇರಬೇಕು, ಮುಖ್ಯ ಭಾಗಗಳ ತಯಾರಕರ ಹೆಸರು ಪಟ್ಟಿಯಲ್ಲಿರಬೇಕು, ಕೇಳದೆ ಬದಲಿಸುವಂತಿಲ್ಲ ಎಂಬ ಷರತ್ತಿರಬೇಕು. ಸರಕು ಹೊರಡುವ ಮುನ್ನ ಐಎಸ್ಒ 2859-1 ಪ್ರಕಾರ ಮಾದರಿ ತಪಾಸಣೆ ನಡೆಸುವುದು ವಾಡಿಕೆ. ಬಣ್ಣದ ಕಲೆಗೆ ಸ್ವಲ್ಪ ರಿಯಾಯಿತಿ ಕೊಡಬಹುದು, ಬ್ಯಾಟರಿ ಗೂಡಿನ ದೋಷಕ್ಕೆ ಒಂದನ್ನೂ ಕೊಡಬಾರದು.

2020ರಿಂದ 2022ರವರೆಗಿನ ಚಿಪ್ ಅಭಾವ ಇನ್ನೊಂದು ಪಾಠ ಕಲಿಸಿತು. ಒಂದೇ ಕಂಪನಿಯ ಮೈಕ್ರೊಕಂಟ್ರೋಲರಿಗೆ ಕಟ್ಟುಬಿದ್ದವರ ಉತ್ಪಾದನೆ ನಿಂತುಹೋಯಿತು. ಮೋಟಾರು, ಚಿಪ್, ಬ್ಯಾಟರಿ ಮೂರಕ್ಕೂ ಎರಡನೆಯ ಮೂಲವನ್ನು ವಿನ್ಯಾಸದ ಹಂತದಲ್ಲೇ ಪರೀಕ್ಷಿಸಿಟ್ಟುಕೊಳ್ಳುವುದು ಅಂದಿನಿಂದ ರೂಢಿಯಾಗಿದೆ.

ಪರೀಕ್ಷೆ ಮತ್ತು ಕಾನೂನು

ಮಕ್ಕಳ ಆಟಿಕೆಗಳಿಗೆ ಯುರೋಪಿನ ಇಎನ್ 71, ಅಮೆರಿಕದ ಎಎಸ್‌ಟಿಎಂ ಎಫ್963, ಭಾರತದ ಐಎಸ್ 9873 ಮತ್ತು ವಿದ್ಯುತ್ ಆಟಿಕೆಗಳ ಐಎಸ್ 15644 ಮಾನಕಗಳಿವೆ. ಭಾರತದಲ್ಲಿ 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾತ್ರ ಅನ್ವಯಿಸುತ್ತದೆ. ಯುರೋಪಿನ ಆಟಿಕೆ ಕಾನೂನಿನ ವ್ಯಾಪ್ತಿಯೂ ಅಷ್ಟೇ. ನಾಯಿಯ ಆಟಿಕೆ ಈ ಬಲೆಯಿಂದ ಹೊರಗೆ ಉಳಿದಿದೆ. ಸುಂಕದ ಅಂತರರಾಷ್ಟ್ರೀಯ ವರ್ಗೀಕರಣವೂ ಪ್ರಾಣಿಗಳಿಗೆಂದೇ ಮಾಡಿದ ಆಟಿಕೆಗಳನ್ನು ಆಟಿಕೆಗಳ ಶೀರ್ಷಿಕೆಯಿಂದ ಹೊರಗಿಟ್ಟು ಅವುಗಳಿಗೆ ತಕ್ಕ ಬೇರೆ ಶೀರ್ಷಿಕೆಗೆ ಕಳಿಸುತ್ತದೆ.

ಆಟಿಕೆಗೆ ನಿಯಮವಿಲ್ಲದಿದ್ದರೂ ಅದರ ಭಾಗಗಳಿಗೆ ಇದೆ. ಲಿಥಿಯಂ ಕೋಶಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 16046 ನೋಂದಣಿ, ಸಾಗಣೆಗೆ ವಿಶ್ವಸಂಸ್ಥೆಯ 38.3 ಪರೀಕ್ಷೆ, ಬ್ಲೂಟೂತ್ ಅಥವಾ ವೈಫೈ ಇದ್ದರೆ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕು. ಯುರೋಪಿನಲ್ಲಿ ಮಾರುವ ಎಲೆಕ್ಟ್ರಾನಿಕ್ ಸಾಧನದಲ್ಲಿ ಸೀಸ ಶೇ. 0.1, ಕ್ಯಾಡ್ಮಿಯಂ ಶೇ. 0.01 ಮೀರುವಂತಿಲ್ಲ; 2019ರ ಜುಲೈನಿಂದ ನಾಲ್ಕು ಥ್ಯಾಲೇಟುಗಳೂ ಈ ಪಟ್ಟಿಗೆ ಸೇರಿವೆ. ಜವಾಬ್ದಾರಿಯುಳ್ಳ ತಯಾರಕರು ಮಕ್ಕಳ ಆಟಿಕೆಯ ರಾಸಾಯನಿಕ ಮಿತಿಗಳನ್ನು ಸ್ವಇಚ್ಛೆಯಿಂದ ಪಾಲಿಸಿ, ಬೀಳಿಸುವ, ಎಳೆಯುವ, ತಿರುಚುವ ಪರೀಕ್ಷೆಗಳನ್ನು ಅಲ್ಲಿನದಕ್ಕಿಂತ ಹೆಚ್ಚಿನ ಬಲದಲ್ಲಿ ನಡೆಸುತ್ತಾರೆ.

ಕರ್ನಾಟಕದ ಸಾಧ್ಯತೆ

ಈ ತಯಾರಿಕೆಗೆ ಬೇಕಾದ ಬೇರೆ ಬೇರೆ ಕೌಶಲಗಳು ಕರ್ನಾಟಕದಲ್ಲಿ ಚದುರಿಕೊಂಡಿವೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಚ್ಚು ತಯಾರಕರನ್ನು ಬೆಳೆಸಿದೆ. ಪೀಣ್ಯದಲ್ಲಿ ಪ್ಲಾಸ್ಟಿಕ್ ಅಚ್ಚೊತ್ತುವ ಸಣ್ಣ ಕಾರ್ಖಾನೆಗಳಿವೆ, ಮೈಸೂರಿನಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕೇನ್ಸ್ ಟೆಕ್ನಾಲಜಿಯಂಥ ಕಂಪನಿಗಳಿವೆ, ಬಿಡಿಭಾಗಗಳ ಚಿಲ್ಲರೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿದೆ. ಸುಳ್ಯ, ಪುತ್ತೂರು ಸೀಮೆಯಲ್ಲಿ ರಬ್ಬರ್ ಬೆಳೆಯುತ್ತದೆ. ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಏಕಸ್ ಕಂಪನಿಯ ಆಟಿಕೆ ಕೈಗಾರಿಕಾ ವಲಯಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಚನ್ನಪಟ್ಟಣದ ಅರಗಿನ ಮರದ ಆಟಿಕೆಗಳು ಮಾತ್ರ ಈ ಕೆಲಸಕ್ಕೆ ಒದಗವು. ಮರ ನಾಯಿಯ ಹಲ್ಲಿಗೆ ಸಿಬಿರೆದ್ದು ಬಾಯಿಗೆ ಚುಚ್ಚುತ್ತದೆ. ಕೊರತೆಯಿರುವುದು ಸಣ್ಣ ಮೋಟಾರು ಮತ್ತು ಲಿಥಿಯಂ ಕೋಶಗಳಲ್ಲಿ. ಇವೆರಡಕ್ಕೂ ಆಮದನ್ನೇ ಬಹಳಮಟ್ಟಿಗೆ ನೆಚ್ಚಬೇಕಾಗಿದೆ.

ದುರಸ್ತಿ ಮತ್ತು ವಿಲೇವಾರಿ

ಯುರೋಪಿನ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ತೇವದಲ್ಲೇ ಬಳಸುವ ಕೆಲವು ಸಾಧನಗಳಿಗೆ ವಿನಾಯಿತಿಯಿದೆ. ಮುಚ್ಚಿ ಬೆಸೆದ ಕವಚ ಜೊಲ್ಲು ತಡೆಯುತ್ತದೆ, ಆದರೆ ಕೋಶ ಸತ್ತ ದಿನ ಇಡೀ ಆಟಿಕೆ ಕಸವಾಗುತ್ತದೆ. ಹಿತ್ತಾಳೆಯ ತಿರುಪುಗೂಡುಗಳಿಗೆ ಬಿಗಿಯುವ ತಿರುಪು ಮತ್ತು ರಬ್ಬರ್ ಉಂಗುರ ಎರಡನ್ನೂ ಸಾಧಿಸುತ್ತವೆ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಸಿದ ಕೋಶಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಆಟಿಕೆ ಮತ್ತು ಕ್ರೀಡಾ ಸಾಧನಗಳ ವರ್ಗವೂ ಇದೆ. ಉಬ್ಬಿದ ಅಥವಾ ಹಲ್ಲು ತಾಗಿದ ಲಿಥಿಯಂ ಕೋಶವನ್ನು ಮನೆಯ ಕಸದೊಂದಿಗೆ ಹಾಕಬಾರದು.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ‘ಮುರಿಯದ’ ಎಂಬ ಮಾತಿಗಿಂತ ನಾಲ್ಕು ಸಂಗತಿ ನೋಡುವುದು ಮೇಲು: ಹೊರಪದರ ಪ್ರತ್ಯೇಕವಾಗಿ ಸಿಗುತ್ತದೆಯೇ, ಬ್ಯಾಟರಿ ಬದಲಿಸಬಹುದೇ, ಚಾರ್ಜ್ ಕಿಂಡಿಗೆ ತಿರುಪಿನ ಮುಚ್ಚಳವಿದೆಯೇ, ಆಟಿಕೆ ತಮ್ಮ ಪ್ರಾಣಿಯ ಬಾಯಿಯ ಅಳತೆಗಿಂತ ದೊಡ್ಡದಾಗಿದೆಯೇ. ಬಿಟ್ಟುಬಿಟ್ಟರೆ ನಾಯಿ ಕಡಿದು ತೆರೆಯಲಾಗದ ಎಲೆಕ್ಟ್ರಾನಿಕ್ ಆಟಿಕೆ ಇಲ್ಲ. ಆಡುವಾಗ ಹತ್ತಿರ ಇದ್ದು, ಆಟ ಮುಗಿದೊಡನೆ ಎತ್ತಿಟ್ಟರೆ ಆಟಿಕೆಯೂ ಪ್ರಾಣಿಯೂ ಕ್ಷೇಮ.